ಕಾಲು ಇಂಚು

ಟೈಲರನ ಹೆಂಡತಿ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಹಿರಿಯ ಗುಮಾಸ್ತೆಯಾದ ದಿನ ಜೊತೆಯವರೆಲ್ಲ ಮನೆಗೆ ಬಂದಿದ್ದರು. ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದ ಅವಳು ನಗುನಗುತ್ತಾ, "ನಮ್ಮನೆಯವರಿಗೆ ನಾನು ಕಾಣೋದೇ ಇಲ್ಲ, ನನ್ನ ಅಳತೆ ಮಾತ್ರ ಕಾಣುತ್ತೆ" ಅಂದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವಳು ಮುದ್ದಿಗೆ ಹೇಳಿದ ಮಾತು ಟೈಲರನಿಗೆ ಮೂದಲಿಕೆಯಾಗಿ ಕೇಳಿಸಿತು. ಅಷ್ಟು ಜನರೆದುರು ತನ್ನ ಮಾನ ಹರಾಜಾಯಿತೆಂದು ರಾತ್ರಿಯಿಡೀ ಹಲ್ಲು ಕಡಿದ.

ಆ ಭಾನುವಾರ ಅವಳು ತಂಗಿಯ ಮನೆಗೆ ಹೋದದ್ದೇ ತಡ, ಬೀರುವಿನಿಂದ ಅವಳ ಮೂರು ಜೊತೆ ಯೂನಿಫಾರ್ಮ್ ತೆಗೆದ. ಎಲ್ಲವೂ ಅವನೇ ಹೊಲಿದವು. ಪಕ್ಕದ ಹೊಲಿಗೆ ಬಿಚ್ಚಿ, ಎರಡೂ ಕಡೆ ಕಾಲು ಇಂಚು ಒಳಕ್ಕೆ ಹಿಡಿಸಿ, ಅದೇ ಬಣ್ಣದ ದಾರದಲ್ಲಿ ಹೊಲಿದು, ಇಸ್ತ್ರಿ ಹಾಕಿ ಮೊದಲಿದ್ದಂತೆಯೇ ಮಡಿಸಿಟ್ಟ. ನರಪಿಳ್ಳೆಗೂ ಗೊತ್ತಾಗುವಂತಿರಲಿಲ್ಲ.

"ರೀ, ಇದೇನಿದು, ಗುಂಡಿ ಹಾಕ್ಕೊಳ್ಳೋಕೇ ಆಗ್ತಿಲ್ಲ! ಒಗೆದು ಒಗೆದು ಕುಗ್ಗಿತಾ?"

"ಬಟ್ಟೆನ ನೀರಲ್ಲಿ ನೆನೆಸದೆ ಕತ್ತರಿ ಹಾಕೋನಲ್ಲ ನಾನು. ಕನ್ನಡಿ ಬೇಕಾದ್ರೆ ಸುಳ್ಳು ಹೇಳುತ್ತೆ ಕಣೇ, ನನ್ನ ಹೊಲಿಗೆ ಹೇಳಲ್ಲ."

ಇಪ್ಪತ್ತು ವರ್ಷ ಅವನು ಹೊಲಿದದ್ದನ್ನೇ ತೊಟ್ಟವಳು, ನಂಬಿದಳು. ಮೊದಲು ಬೆಳಗಿನ ತಿಂಡಿ ಬಿಟ್ಟಳು. ಮುಂದಿನ ತಿಂಗಳು ಅವನು ಇನ್ನೊಂದು ಕಾಲು ಇಂಚು ಹಿಡಿಸಿದ, ಅವಳು ರಾತ್ರಿಯೂಟವನ್ನೂ ಬಿಟ್ಟಳು. ನೆಂಟರ ಮನೆಗೆ ಹೋದರೆ ಹೊಟ್ಟೆಯ ಮೇಲೆ ಕೈಚೀಲ ಇಟ್ಟುಕೊಂಡು ಮೂಲೆ ಹಿಡಿದು ಕೂರತೊಡಗಿದಳು. ಈಗ ನಾಲ್ಕು ಜನರನ್ನು ನಗಿಸುವ ಮಾತೇ ಇಲ್ಲ. ಟೈಲರನಿಗೆ ಮನಸ್ಸು ಚುಚ್ಚಿತು ಎಂದರೆ ನನ್ನ ಬಾಯಿಗೆ ಹುಳ ಬಿದ್ದೀತು. ಸಂತೋಷವಾಯಿತು ಅವನಿಗೆ, ಒಳಗೊಳಗೇ ಸಕ್ಕರೆ ಮೆದ್ದಷ್ಟು. ಅವಳು ಸೊರಗಿದಷ್ಟೂ ಹೊಲಿಗೆ ಒಳಕ್ಕೆ ಸರಿಯುತ್ತಾ ಹೋಯಿತು. ಇದೊಂದೇ ಸಲ, ಆಮೇಲೆ ಬಿಟ್ಟುಬಿಡುತ್ತೇನೆ ಅಂದುಕೊಳ್ಳುತ್ತಲೇ ಎಂಟು ತಿಂಗಳು ಕಳೆದವು.

ಒಂದು ಮಧ್ಯಾಹ್ನ ಅವಳು ಕೌಂಟರಿನಲ್ಲೇ ಕುಸಿದು ಬಿದ್ದಳು. ಆಸ್ಪತ್ರೆಯ ತಕ್ಕಡಿ ಮೂವತ್ತಾರು ಕಿಲೋ ತೋರಿಸಿತು. "ಹೃದಯ ಸೋತಿದೆ. ಊಟ ಮಾಡದಿದ್ರೆ ಈ ತಿಂಗಳು ದಾಟೋದು ಕಷ್ಟ" ಎಂದರು ಡಾಕ್ಟರಮ್ಮ.

ನಾದಿನಿ ಅವನ ಮೇಲೆ ಹರಿಹಾಯ್ದಳು. "ಭಾವ, ಅಕ್ಕ ಕಡ್ಡಿ ಆಗಿದ್ದಾಳೆ. ನಿಮ್ಮ ಕಣ್ಣಿಗೇನಾಗಿತ್ತು?"

ಆಗ ಅವನಿಗೆ ಅವಳಿಲ್ಲದ ಮನೆ ಕಣ್ಣಮುಂದೆ ಬಂತು. ಮನೆಗೆ ಓಡಿ ಹೋಗಿ ಯೂನಿಫಾರ್ಮ್ ತಂದು, ಆಸ್ಪತ್ರೆಯ ಹಾಸಿಗೆಯ ಮೇಲೆ ಒಳಮೈ ಹೊರಗೆ ಮಾಡಿ ಹರಡಿದ. ಒಳಗೆ ಮಡಚಿದ್ದ ಬಟ್ಟೆ, ಸೂಜಿಯ ತೂತಿನ ಸಾಲುಸಾಲು ಗೆರೆಗಳು.

"ನಾನೇ ಕಣೇ ಹಿಡಿಸಿದ್ದು. ಅವತ್ತಿನ ಮಾತಿನ ಸಿಟ್ಟಿಗೆ. ನೀನು ದಪ್ಪ ಆಗಿರ್ಲೇ ಇಲ್ಲ!" ಎಂದು ಗೋಳೋ ಎಂದು ಅತ್ತ.

ಅವಳು ಆ ಗೆರೆಗಳನ್ನು ಬೆರಳಲ್ಲಿ ಸವರಿದಳು. ಮುಖ ಅರಳಿತು. "ನಾನು ದಪ್ಪ ಇಲ್ಲ ಅಂತ ಸಮಾಧಾನ ಮಾಡೋಕೆ ಈಗ ಕೂತು ಇಷ್ಟೆಲ್ಲ ಹೊಲಿಗೆ ಹಾಕಿ ತಂದ್ರಾ? ನಿಮ್ಮ ಕಣ್ಣಿಗೆ ನಾನು ಕಾಣೋದೇ ಇಲ್ಲ ಅಂತ ಅವತ್ತು ತಮಾಷೆ ಮಾಡಿದ್ದೆ. ತಪ್ಪಾಯ್ತು ರೀ."

ಆಣೆ ಇಟ್ಟ, ತಲೆ ಚಚ್ಚಿಕೊಂಡ. ಅವಳು ಮಗುವನ್ನು ರಮಿಸುವಂತೆ ಅವನ ಕೈ ತಟ್ಟಿದಳು.

ಇನ್ನೊಂದೇ ದಾರಿ ಉಳಿದಿತ್ತು. ಅಂಗಡಿಯ ಹಳೇ ಪುಸ್ತಕದಲ್ಲಿದ್ದ ಅವಳ ಮೊದಲಿನ ಅಳತೆಗೆ ಹೊಸ ನಿಲುವಂಗಿ ಹೊಲಿದು ತಂದ. ಎಷ್ಟು ಸಡಿಲವಾಗಿದೆ ಎಂದು ನೋಡಿದರೆ ತಾನೆಷ್ಟು ಇಳಿದಿದ್ದೇನೆಂದು ಅವಳಿಗೇ ತಿಳಿದೀತು ಎಂಬ ಆಸೆ. ತಂಗಿ ತೊಡಿಸಿದಳು. ನಿಲುವಂಗಿ ಗೂಟಕ್ಕೆ ನೇತುಹಾಕಿದಂತೆ ಜೋತುಬಿತ್ತು. ಅವಳು ಅದರ ಅಗಲವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಿಜವಾದ ಅಳತೆ. ಇಷ್ಟು ದೊಡ್ಡದು ಬೇಕಾಯ್ತು ನೋಡಿ ನನಗೆ" ಎಂದಳು. "ನಿಮ್ಮ ಹೊಲಿಗೆ ಸುಳ್ಳು ಹೇಳಲ್ಲ."

ಊಟದ ತಟ್ಟೆಯನ್ನು ಅವನ ಕಡೆ ಸರಿಸಿದಳು. "ನೀವು ತಿನ್ನಿ. ಎಷ್ಟು ಸೊರಗಿ ಹೋಗಿದ್ದೀರಿ."