ಅವ್ವನಿಗೊಂದು ಕೊಡ ನೀರು

“ಏಯ್, ಹುಲ್ಲು ಬಿಟ್ಟು ಇಳಿಯೇ ಮುಂಡೆ! ನಿಮ್ಮಪ್ಪ ನೆಟ್ಟಿದ್ನಾ ಈ ಹುಲ್ಲಾ?”

ಹೋಟೆಲಿನ ಮ್ಯಾನೇಜರ್ ದೊನ್ ಎವೆಲಿಯೊ ವರಾಂಡದಿಂದಲೇ ಕೂಗಿದ. ಬಸಿಲಿಯಾ ಮರಗೆಣಸಿನ ಬುಟ್ಟಿ ಸೊಂಟದಲ್ಲಿಟ್ಟುಕೊಂಡೇ ನಿಂತಳು. ಅವಳಪ್ಪ ಹುಲ್ಲು ನೆಟ್ಟವನಲ್ಲ, ತೆಂಗು ನೆಟ್ಟವನು. ಆ ಹುಲ್ಲುಹಾಸಿನ ಜಾಗದಲ್ಲೇ ಅವರ ಮನೆಯಿತ್ತು. ಬುಲ್ಡೋಜರ್ ಬಂದ ದಿನ ಹೊಸ್ತಿಲ ಮೇಲೆ ಕೂತಿದ್ದ ಅವ್ವನನ್ನು ಪೊಲೀಸರು ಎತ್ತಿ ಮರಳಿಗೆ ಎಸೆದಿದ್ದರು. ಆ ಮಳೆಗಾಲ ಮುಗಿಯುವುದರೊಳಗೆ ಅವ್ವ ಸತ್ತಳು. ಈಗ ಅದೇ ನೆಲದಲ್ಲಿ ಪ್ರವಾಸಿಗರೆದುರು ಮರಗೆಣಸು ತುರಿದು ರೊಟ್ಟಿ ಸುಟ್ಟು ತೋರಿಸುವುದು ಬಸಿಲಿಯಾಳ ಕೂಲಿ.

“ಇಳೀತೀನಿ ಸ್ವಾಮಿ. ಅವ್ವನ ನೀರಿನ ಮಾತು ಏನಾಯ್ತು? ಇಂಗ್ರಿಡ್ ಮೇಡಂ ಕೇಳಿದ್ರಾ ನಿಮ್ಮನ್ನ?”

“ಕೇಳಿದ್ಲು. ಸತ್ತೋಳ ಮೈ ತೊಳಿಯಕ್ಕೆ ನನ್ನ ಹುಲ್ಲು ಅಗೀಬೇಕಾ? ಅಷ್ಟು ದೊಡ್ಡ ಸಮುದ್ರ ಬಿದ್ದದೆ, ಅದರಲ್ಲಿ ಅದ್ದೇ ನಿಮ್ಮವ್ವನ್ನ!”

ವರಾಂಡದಲ್ಲಿದ್ದವರು ನಕ್ಕರು.

ಕರಿಯರ, ಮೂಲನಿವಾಸಿಗಳ ರಕ್ತ ಎರಡೂ ಬೆರೆತ ಆ ಕರಾವಳಿಯ ಗರೀಫುನರ ಮನೆಗಳಲ್ಲಿ ಇದು ಮಕ್ಕಳಿಗೂ ಗೊತ್ತು. ಸತ್ತವರು ಕನಸಿಗೆ ಬಂದು ಸ್ನಾನ ಕೇಳಿದರೆ, ಅವರು ಹೇಳಿದ ಕಡೆ ಗುಂಡಿ ತೋಡಿ, ಅವರೇ ಕನಸಲ್ಲಿ ಕಲಿಸಿದ ಹಾಡು ಹೇಳಿ, ‘ಬಂದೆ’ ಎಂದು ಪಲ್ಲವಿಯಲ್ಲಿ ಓಗೊಟ್ಟು, ನೀರು ಹುಯ್ಯಬೇಕು. ಹುಯ್ಯದಿದ್ದರೆ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದು ಮಲಗುತ್ತಾರೆ. ಮಲಗಿದ್ದವಳು ಬಸಿಲಿಯಾಳ ಮಗಳು ಕ್ರಿಸಾಂತಾ. ಅಜ್ಜಿ ಕನಸಿಗೆ ಬಂದ ವಾರವೇ ಕಾಲಿನ ಸ್ವಾಧೀನ ಹೋಯಿತು, ಈಗ ಗಂಜಿಯೂ ಇಳಿಯದು. ಪಟ್ಟಣದ ಡಾಕ್ಟರು ಕೈ ಚೆಲ್ಲಿದ್ದರು. ಹೋಟೆಲಿನವರಿಗೆ ಹೆದರಿ ಬಸಿಲಿಯಾ ಒಂದು ಸಲ ಸಮುದ್ರದ ದಂಡೆಯಲ್ಲೇ ಗುಂಡಿ ತೋಡಿ ನೀರು ಹುಯ್ದಿದ್ದಳು. ಆವತ್ತು ಕನಸಲ್ಲಿ ಅವ್ವ ಬೆನ್ನು ತಿರುಗಿಸಿ ಕೂತಳು, ಮಗಳಿಗೆ ಇನ್ನೂ ಜಾಸ್ತಿಯಾಯಿತು. ಅವ್ವ ಕೇಳಿದ್ದು ಕೆಡವಿದ ಮನೆಯ ಹೊಸ್ತಿಲಲ್ಲಿ, ಹೊಸ್ತಿಲು ಎಂದರೆ ಹೊಸ್ತಿಲೇ.

ಹೋಟೆಲಿನ ಸಭಾಂಗಣದ ಬಾಗಿಲಿಗೆ ದೊಡ್ಡ ಬ್ಯಾನರು ಕಟ್ಟಿದ್ದರು: ‘ಕರಿಯರ, ಮೂಲನಿವಾಸಿಗಳ ಕನಸಿನ ಕಲೆಯಿಂದ ಯಂತ್ರಕ್ಕೆ ನೀತಿಪಾಠ’.

“ಇದರಲ್ಲಿ ನಾವ್ಯಾರೇ?” ಎಂದಳು ನಾದಿನಿ ತೆಯೊಡೋರಾ.

“ಎರಡೂ ನಾವೇ ಕಣೆ. ಅದಕ್ಕೇ ಎರಡೂ ಕಡೆಯಿಂದ ಒದೆ.”

ಮನುಷ್ಯರ ಹಾಗೆ ಮಾತಾಡುವ, ಹಾಡುವ, ಚಿತ್ರ ಬರೆಯುವ ಆ ಕಂಪ್ಯೂಟರ್ ಯಂತ್ರಕ್ಕೆ ಪಾಠ ಹೇಳುವ ಇಂಗ್ರಿಡ್ ಮೇಡಂ ದೂರದ ವಿಶ್ವವಿದ್ಯಾಲಯದವಳು. ಒಳ್ಳೆಯವಳೇ, ಕೈ ಹಿಡಿದು ಮಾತಾಡಿಸುತ್ತಿದ್ದಳು. ಮ್ಯಾನೇಜರನನ್ನು ಒಪ್ಪಿಸುತ್ತೇನೆ ಎಂದಿದ್ದಳು. ಆ ಆಸೆಗೆ ಬಸಿಲಿಯಾ ಕನಸಿನ ಹಾಡು ಹೇಳಿಕೊಟ್ಟಿದ್ದಳು. ಕ್ರಿಸಾಂತಾಳ ಫೋನಿನಲ್ಲಿದ್ದ ಅವ್ವನ ಹಳೆಯ ದನಿಯನ್ನೂ ಕೊಟ್ಟಿದ್ದಳು. ಮಗಳು ಏಳಬೇಕಲ್ಲ.

ಸಭಾಂಗಣದಲ್ಲಿ ಬಸಿಲಿಯಾಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಪರದೆಯ ಮೇಲೆ ಅವಳ ಕನಸು ಬಂತು, ಮರಳು ಮೆತ್ತಿದ ಮುದುಕಿ, ನೀಲಿ ಹೊಸ್ತಿಲು. ಆಮೇಲೆ ಧ್ವನಿವರ್ಧಕದಿಂದ ಅವ್ವ ಹಾಡಿದಳು.

‘ಕಾಲಿಗೆ ಮರಳು, ಕಣ್ಣಿಗೆ ಮರಳು, ಹೊಸ್ತಿಲಿಗೆ ಬಂದಿವ್ನಿ, ನೀರು ತಾ ಮಗಳೇ.’

ಬಸಿಲಿಯಾ ಕುರ್ಚಿಯ ತುದಿಗೆ ಸರಿದಳು. ಅದು ಅವ್ವನೇ. ಸಾಲು ಮುಗಿಸಿ ಉಸಿರೆಳೆಯುವಾಗಿನ ಆ ಕೆಮ್ಮೂ ಅವ್ವನದೇ. ಸಭೆಯಲ್ಲಿ ಒಬ್ಬ ಕಣ್ಣೊರೆಸಿಕೊಂಡ.

ಅವಳು ಎದ್ದು ನಿಂತಳು. “ಎಲ್ರೂ ಕೇಳಿಸ್ಕಂಡ್ರಲ್ಲ. ಹಾಡು ಕೇಳಿದೋರು ನೀರಿಗೆ ಬರ್ಬೇಕು, ಅದು ನಮ್ಮ ಕಟ್ಲೆ. ಏಳಿ, ಹುಯ್ಯನ ಬನ್ನಿ.”

ಇದೂ ಕಾರ್ಯಕ್ರಮವೇ ಎಂದುಕೊಂಡು ಅವರು ಚಪ್ಪಾಳೆ ತಟ್ಟಿದರು.

ಮೇಡಂ ಅವಳನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಬಂದಳು. “ನಾನು ಕೇಳಿದೆ ಅಮ್ಮ. ಮ್ಯಾನೇಜರ್ ಒಪ್ಪಲಿಲ್ಲ. ಒಪ್ಪಿಗೆ ಇಲ್ಲದೆ ಏನೂ ಮಾಡಬಾರದು ಅಂತಾನೇ ಅಲ್ವಾ ನಾವು ಯಂತ್ರಕ್ಕೆ ಕಲಿಸ್ತಿರೋದು? ಪರದೆ ಮೇಲೆ ನಿಮ್ಮ ಹೆಸರು ಹಾಕಿದೀವಿ, ನೋಡಿದ್ರಾ?”

“ನಮ್ಮನೆ ಕೆಡವೋವಾಗ ಆ ಒಪ್ಪಿಗೆ ಎಲ್ಲಿಗೆ ಹೋಗಿತ್ತು ತಾಯಿ? ಹೆಸರು ಕುಡುದ್ರೆ ನನ್ನ ಮಗಳು ಎದ್ದಾಳಾ?”

ಮೇಡಂ ಕಣ್ಣಲ್ಲಿ ನೀರು ಬಂತು. ಬಸಿಲಿಯಾಳಿಗೆ ಅದು ಬೇಕಿರಲಿಲ್ಲ, ಒಂದು ಕೊಡ ನೀರು ಬೇಕಿತ್ತು.

ತೋಟದವನ ಶೆಡ್ಡಿನಿಂದ ಗುದ್ದಲಿ ತಂದಳು. ಅಪ್ಪ ನೆಟ್ಟ ತೆಂಗಿನಲ್ಲಿ ಒಂದು ಬುಡ ಮಾತ್ರ ಉಳಿದಿತ್ತು, ಅದರ ಎಡಕ್ಕೇ ಹೊಸ್ತಿಲು. ಅಗೆದಳು. ಮೇಲಿನ ಹುಲ್ಲು ಚಾಪೆಯ ಹಾಗೆ ಎದ್ದು ಬಂತು, ಕೆಳಗೆ ಹಳೆಯ ಮರಳೇ ಇತ್ತು. ಮೊಣಕಾಲುದ್ದ ತೋಡುವ ಹೊತ್ತಿಗೆ ತೆಯೊಡೋರಾ ಕೊಡ ತುಂಬಿಕೊಂಡು ಓಡಿಬಂದಳು.

ದೊನ್ ಎವೆಲಿಯೊ ಅವಳಿಗಿಂತ ಜೋರಾಗಿ ಓಡಿಬಂದ. ಒಂದೇ ಒದೆಗೆ ಕೊಡ ಉರುಳಿತು. ನೀರೆಲ್ಲ ಹುಲ್ಲಿಗೆ ಹೋಯಿತು, ಗುಂಡಿಗೆ ಒಂದು ಹನಿಯೂ ಬೀಳಲಿಲ್ಲ.

“ಲೇ ನಿಕಾನೋರ್! ಮುಚ್ಚೋ ಇದನ್ನ! ಇಲ್ಲಾಂದ್ರೆ ಆ ಅಂಗಿ ಬಿಚ್ಚಿಟ್ಟು ತೊಲಗು, ಸೂಳೆಮಗನೆ!”

ಕಾವಲುಗಾರ ನಿಕಾನೋರ್ ಬಸಿಲಿಯಾಳ ಅಣ್ಣನ ಮಗ. ಅಜ್ಜಿಯ ಕೈಯಲ್ಲೇ ಉಂಡು ಬೆಳೆದವನು. ಮನೆಯಲ್ಲಿ ಎರಡು ಕೂಸುಗಳಿದ್ದವು. ಸಲಿಕೆ ತೆಗೆದುಕೊಂಡ.

“ಅತ್ತೆ, ನಿನ್ನ ಕಾಲಿಗೆ ಬೀಳ್ತೀನಿ, ಆಚೆ ಬಾ.”

ಬಸಿಲಿಯಾ ಗುಂಡಿಗಿಳಿದು ಕಾಲು ಮಡಚಿ ಕೂತಳು. ಅವ್ವ ಹೊಸ್ತಿಲ ಮೇಲೆ ಕೂತಿದ್ದ ಹಾಗೇ ಕೂತಳು.

“ಮುಚ್ಚು ಮಗ. ನನ್ನ ಸೇರಿಸೇ ಮುಚ್ಚು. ಅಲ್ಲಿ ನನ್ನ ಮಗಳು ಸಾಯ್ತಾವ್ಳೆ, ಇಲ್ಲಿ ನಾನು ಸಾಯ್ತೀನಿ. ಒಂದೇ ಸಲಕ್ಕೆ ಮುಗೀತದೆ.”

ಜನ ಸಭಾಂಗಣದಿಂದ ಹೊರಗೆ ಬಂದು ಫೋನು ಎತ್ತಿ ಹಿಡಿದರು. ಒಳಗೆ ಯಂತ್ರವನ್ನು ನಿಲ್ಲಿಸುವುದು ಯಾರಿಗೂ ನೆನಪಾಗಿರಲಿಲ್ಲ. ಧ್ವನಿವರ್ಧಕದಿಂದ ಅವ್ವ ಮತ್ತೆ ಶುರುಮಾಡಿದಳು.

‘ಕಾಲಿಗೆ ಮರಳು, ಕಣ್ಣಿಗೆ ಮರಳು...’

ನಿಕಾನೋರನ ಸಲಿಕೆ ತುಂಬಾ ಮರಳಿತ್ತು. ಅಜ್ಜಿಯ ದನಿ ಕೇಳಿ ಅವನು ಸಭಾಂಗಣದ ಕಡೆ ತಿರುಗಿದ, ಸಲಿಕೆ ವಾಲಿತು. ಮರಳು ಸಲಿಕೆಯ ಅಂಚಿನಿಂದ ಬಸಿಲಿಯಾಳ ತಲೆಯ ಮೇಲೆ, ಹೆಗಲ ಮೇಲೆ ಜಾರಿ ಸುರಿಯಿತು.

“ಹಾಕೋ! ಏನು ನೋಡ್ತೀಯ?” ಎಂದು ದೊನ್ ಎವೆಲಿಯೊ ಅರಚಿದ.

‘ನೀರು ತಾ ಮಗಳೇ’ ಎಂದಿತು ಧ್ವನಿವರ್ಧಕ.

ಬಸಿಲಿಯಾ ಕಣ್ಣಿನ ಮರಳನ್ನು ಒರೆಸಿಕೊಳ್ಳಲಿಲ್ಲ. ಗುಂಡಿಯೊಳಗಿಂದಲೇ ಮುಖವೆತ್ತಿ, ಒಣಗಿದ ಗಂಟಲಲ್ಲಿ, ಯಂತ್ರಕ್ಕೂ ಮೀರಿ ಕೇಳುವ ಹಾಗೆ ಪಲ್ಲವಿ ಹಿಡಿದಳು.

“ಬಂದೆ ಕಣವ್ವ, ಬಂದೆ.”