ಮುಚ್ಚಬಾರದ ಲ್ಯಾಪ್‌ಟಾಪ್

ನಮ್ಮ ಮನೆಗೆ ತಿಂಗಳಿಗೊಂದಾದರೂ ಹೊಸ ಲ್ಯಾಪ್‌ಟಾಪ್ ಬರುತ್ತದೆ, ಬಂದು ಹೋಗುತ್ತದೆ. ನನ್ನ ಗಂಡ ಪತ್ರಿಕೆಯೊಂದಕ್ಕೆ ಅವುಗಳ ವಿಮರ್ಶೆ ಬರೆಯುತ್ತಾರೆ. ಬಿಡುಗಡೆಯಾದ ಕೂಡಲೇ ಕಂಪನಿಯವರು ಒಂದನ್ನು ಕಳಿಸಿಕೊಡುತ್ತಾರೆ. ಇವರು ಅದರ ಬೆನ್ನು ತಟ್ಟಿ, ಕಿವಿ ಹಿಂಡಿ, ಬಿಸಿಯಾಗುತ್ತದೆಯೇ ಎಂದು ತೊಡೆಯ ಮೇಲಿಟ್ಟುಕೊಂಡು ನೋಡಿ, ಮಗುವಿಗೆ ಕುಲಾವಿ ತೊಡಿಸಿದಷ್ಟು ಜೋಪಾನವಾಗಿ ಮತ್ತೆ ಪೆಟ್ಟಿಗೆಯೊಳಗಿಟ್ಟು ಕಳಿಸುತ್ತಾರೆ. ಅಂಕಣದ ಕೊನೆಯ ಸಾಲು ಯಾವಾಗಲೂ ಒಂದೇ: ತುರ್ತಿಲ್ಲದವರು ಇನ್ನೊಂದಿಷ್ಟು ದಿನ ಕಾಯುವುದು ಒಳಿತು. ಈ ಸಾಲಿಗಾಗಿ ಅವರನ್ನು ಯಾರೂ ಬೈದಿಲ್ಲ. ಕೊಂಡು ಕೈಸುಟ್ಟುಕೊಂಡವರು ಸಂಪಾದಕರಿಗೆ ಪತ್ರ ಬರೆಯುತ್ತಾರೆ. ಕಾದು ಸುಸ್ತಾದವರು ಬರೆಯುವುದಿಲ್ಲ.

ಹಾಗೆ ಬರೆಯದವರಲ್ಲಿ ನಾನೂ ಒಬ್ಬಳು. ನನ್ನ ಲ್ಯಾಪ್‌ಟಾಪಿನ ಮುಚ್ಚಳದ ಕೀಲು ಮುರಿದು ಬಹಳ ಕಾಲವಾಯಿತು. ಮುಚ್ಚಿದರೆ ಪರದೆ ಮತ್ತೆ ಬೆಳಗುವುದಿಲ್ಲ ಎಂದು ರಿಪೇರಿಯವನು ಎಚ್ಚರಿಸಿದ್ದ. ಅಂದಿನಿಂದ ಅದು ಊಟದ ಮೇಜಿನ ಮೇಲೆ, ಇಸ್ತ್ರಿಪೆಟ್ಟಿಗೆಗೆ ಬೆನ್ನು ಕೊಟ್ಟು, ಬಾಯಿ ತೆರೆದುಕೊಂಡೇ ಕೂತಿದೆ. ಬಟ್ಟೆಗೆ ಇಸ್ತ್ರಿ ಹಾಕುವ ದಿನ ಆ ಜಾಗಕ್ಕೆ ದಪ್ಪ ನಿಘಂಟು ಬರುತ್ತದೆ. ಕೋಣೆಯಿಂದ ಕೋಣೆಗೆ ಒಯ್ಯಬೇಕಾದರೆ ನಾನು ತಳ ಹಿಡಿಯಬೇಕು, ಅತ್ತೆ ಪರದೆ ಹಿಡಿಯಬೇಕು. ಇಬ್ಬರೂ ಸೊಂಟ ಉಳುಕಿದವರನ್ನು ಆಸ್ಪತ್ರೆಗೆ ಒಯ್ಯುವವರಂತೆ ಹೆಜ್ಜೆ ಹಾಕಬೇಕು. ಇದೆಲ್ಲ ಅಭ್ಯಾಸವಾಗಿತ್ತು. ಅಭ್ಯಾಸವಾಗದೆ ಉಳಿದದ್ದು ಒಂದೇ: ಮುಚ್ಚದ ಯಂತ್ರದಲ್ಲಿ ಕೆಲಸ ಮುಗಿಯುವುದಿಲ್ಲ. ಊಟಕ್ಕೆ ಕೂತರೂ ಅರ್ಧ ಮಾಡಿದ ಸಾಲನ್ನು ತೋರಿಸಿಕೊಂಡು ಎದುರಿಗೇ ಇರುತ್ತದೆ.

ನನ್ನ ಕೆಲಸ ಸಬ್‌ಟೈಟಲ್ ಬರೆಯುವುದು. ಪಾತ್ರ ಬಾಯಿ ತೆರೆದಾಗ ಪರದೆಯ ಕೆಳಗೆ ಅಕ್ಷರ ಬರಬೇಕು, ಮಾತು ನಿಂತಾಗ ಹೋಗಬೇಕು. ದೊಡ್ಡ ಸ್ಟುಡಿಯೋ ಒಂದು ಪರೀಕ್ಷೆಗೆಂದು ಧಾರಾವಾಹಿಯ ಒಂದು ಕಂತು ಕೊಟ್ಟಿತ್ತು. ಒಪ್ಪಿಗೆಯಾದರೆ ಇಡೀ ಧಾರಾವಾಹಿ ನನ್ನದು, ವರ್ಷಪೂರ್ತಿ ಕೆಲಸ. ಕಳಿಸಿ ಮುಗಿಸಿದೆ ಎಂದುಕೊಂಡಿದ್ದಾಗ ಬುಧವಾರ ಬೆಳಿಗ್ಗೆ ಅಲ್ಲಿಯ ಮೇಲ್ವಿಚಾರಕಿ ಫೋನ್ ಮಾಡಿದರು.

"ಬೇಜಾರು ಮಾಡ್ಕೋಬೇಡಿ ಮೇಡಮ್. ಭಾಷೆ ತುಂಬಾ ಚೆನ್ನಾಗಿದೆ. ಆದ್ರೆ ನಿಮ್ಮ ಜನ ಬಾಯಿ ಮುಚ್ಚಿದ್ಮೇಲೆ ಮಾತಾಡ್ತಾರೆ."

"ನನ್ನಲ್ಲಿ ಸರಿಯಾಗೇ ಕಾಣತ್ತಲ್ಲ?"

"ಬೇರೆ ಕಡೆ ಹಾಕಿ ನೋಡಿ. ಶುಕ್ರವಾರ ಸಂಜೆ ಒಳಗೆ ಸರಿ ಮಾಡಿ ಕಳ್ಸಿ. ಇಲ್ದಿದ್ರೆ ಇನ್ನೊಬ್ರಿಗೆ ಕೊಡ್ಬೇಕಾಗತ್ತೆ, ನನ್ನ ಕೈಲೂ ಇಲ್ಲ."

ಅತ್ತೆಯ ಫೋನಿನಲ್ಲಿ ಹಾಕಿ ನೋಡಿದೆ. ನಿಜ. ನಾಯಕಿ ಬಾಗಿಲು ಬಡಿದು ಹೊರಟುಹೋದ ಮೇಲೆ "ನಾನು ಹೋಗುತ್ತೇನೆ" ಎಂದು ಖಾಲಿ ಬಾಗಿಲಿನ ಕೆಳಗೆ ಬರುತ್ತಿತ್ತು. ನನ್ನ ಮುದಿ ಯಂತ್ರದಲ್ಲಿ ದನಿ ತಡವಾಗಿ ಹೊರಡುತ್ತಿತ್ತು, ಒಂದೊಂದು ಸಲ ಒಂದೊಂದಷ್ಟು. ತುಟಿಗೂ ದನಿಗೂ ಹೊಂದದಿರುವುದು ನನ್ನ ಕಣ್ಣಿಗೆ ಎಂದೋ ರೂಢಿಯಾಗಿತ್ತು. ಅದರ ಸೋಮಾರಿತನಕ್ಕೆ ನಾನು ಇಷ್ಟು ದಿನ ಶ್ರದ್ಧೆಯಿಂದ ತಾಳ ಹಾಕಿದ್ದೆ.

"ಅದಕ್ಯಾಕೆ ಅಷ್ಟು ಕೊರಗ್ತೀಯ? ನಂಗೂ ಎಲ್ಲರ ಮಾತು ಆಮೇಲೇ ಕೇಳ್ಸೋದು," ಎಂದರು ಅತ್ತೆ.

ಗಂಡ ಪಕ್ಕದ ಕೋಣೆಯಲ್ಲಿ ಹೊಚ್ಚಹೊಸ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು.

"ರೀ, ಇದನ್ನೇ ಒಂದು ತಗೊಳ್ಳೋಣ್ವಾ?"

ಕನ್ನಡಕ ತೆಗೆದು ಒರೆಸಿದರು. "ಚೆನ್ನಾಗೇನೋ ಇದೆ. ಆದ್ರೆ ಈಗಷ್ಟೇ ಬಂದಿದೆ ನೋಡು, ಮೊದಲ ಬ್ಯಾಚಲ್ಲಿ ಏನಾದ್ರೂ ತೊಡಕು ಇದ್ದೇ ಇರತ್ತೆ. ಎರಡು ತಿಂಗಳು ತಡಿ."

"ಹೋದ ವರ್ಷದ್ದು?"

"ಹೊಸದು ಬಂದಿರೋವಾಗ ಹಳೇದ್ಯಾಕೆ?"

"ಅದು ಹೊಸದಾಗಿದ್ದಾಗ್ಲೂ ಕಾಯೋಣ ಅಂದ್ರಿ."

"ಆಗ ಇದು ಬರೋದಿತ್ತಲ್ಲ!"

ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. "ಹೋಗ್ಲಿ, ಶುಕ್ರವಾರದವರೆಗೆ ಇದ್ರಲ್ಲೇ ಕೆಲ್ಸ ಮಾಡ್ಲಾ?" ಎಂದೆ.

"ಕಂಪನಿಯವರದ್ದು ಕಣೇ. ವಿಮರ್ಶೆ ಬಿಟ್ಟು ಬೇರೆದಕ್ಕೆ ಮುಟ್ಟಲ್ಲ ಅಂತ ಮಾತು ಕೊಟ್ಟಿದೀನಿ. ಮಧ್ಯಾಹ್ನ ತಗೊಂಡು ಹೋಗೋಕೆ ಬರ್ತಾರೆ."

ಬೇರೆ ಹೆಂಗಸರಿಗೆ ಗಂಡಂದಿರ ದೋಷಗಳಿಂದ ಸುಸ್ತು. ನನಗೆ ಗುಣಗಳಿಂದ.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಈ ಸಲ ಮಾತು ತಡವಾಗದೆ ಮುಟ್ಟಿತ್ತು. "ನಿಮ್ಮಪ್ಪ ಫ್ಯಾನು ತಗೊಳ್ಳೋಕೆ ಹೀಗೇ ಕಾದ್ರು ಕಣೋ. ಫ್ಯಾನು ಬಂದಾಗ ನಾವು ಸ್ವೆಟರ್ ಹಾಕ್ಕೊಂಡು ಅದನ್ನ ನೋಡಿದ್ವಿ."

ಇವರು ಬರೆದದ್ದನ್ನು ಪತ್ರಿಕೆಗೆ ಕಳಿಸುವ ಮೊದಲು ನಾನು ಓದುವುದು ಮನೆಯ ಪದ್ಧತಿ. ಅಂದೂ ಕೊಟ್ಟರು, ಓದಿದೆ. ಕೊನೆಯ ಸಾಲು ತನ್ನ ಜಾಗದಲ್ಲೇ ಇತ್ತು.

"ತುರ್ತಿಲ್ಲದವರು ಅಂತ ಬರ್ದಿದೀರಲ್ಲ. ನಾನು ಅವರಲ್ಲಿ ಸೇರಿದೀನಾ?"

ನಿಜವಾಗಿಯೂ ಯೋಚಿಸಿದರು. "ನಿಂದು... ಹೇಗೋ ನಡೀತಿದೆಯಲ್ಲ."

ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅದಕ್ಕೂ ಶಕ್ತಿ ಬೇಕು. ನಾನು ಮೇಜಿನ ಬಳಿ ಹೋಗಿ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದೆ. ಪರದೆಯ ಬೆನ್ನಿಗೆ ಅಂಗೈಯಿಟ್ಟು ಒತ್ತಿ ಮುಚ್ಚಿದೆ. ಟಪ್ ಎಂದಿತು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಏನ್ ಮಾಡ್ಬಿಟ್ಟೆ!" ಗಂಡ ಓಡಿಬಂದರು.

"ಈಗ ತುರ್ತು," ಎಂದೆ.

ಅಂದು ಸಂಜೆಯೇ ಗಂಡನೂ ನಾನೂ ಅಂಗಡಿಗೆ ಹೋದೆವು. ಅಂಗಡಿಯವರು ಹೊಸದನ್ನೂ ಹೋದ ವರ್ಷದ್ದನ್ನೂ ಅಕ್ಕಪಕ್ಕ ಇಟ್ಟರು. ಗ್ರಾಹಕರು ಸಿಕ್ಕ ಖುಷಿಗೆ ಮಾತಿಗೆ ಬರವಿರಲಿಲ್ಲ. "ನೀವು ತಗೊಳ್ಳೋಕೆ ಬಂದಿದೀರಲ್ಲ ಮೇಡಮ್, ಸಂತೋಷ. ಪೇಪರ್‌ನಲ್ಲಿ ಯಾರೋ ಮಹಾನುಭಾವ 'ಕಾಯಿರಿ, ಕಾಯಿರಿ' ಅಂತ ಬರೀತಾನೇ ಇರ್ತಾನೆ. ಜನ ಬರ್ತಾರೆ, ಮುಟ್ತಾರೆ, ಏಸಿ ಗಾಳಿ ತಗೊಂಡು ಹೋಗ್ತಾರೆ. ಆ ಮನುಷ್ಯನ ಮನೇಲಿ ಹೆಂಡತಿ ಹೇಗೆ ಬಾಳ್ತಾಳೋ!"

ಮಹಾನುಭಾವರು ಮೌಸುಗಳ ಸಾಲನ್ನು ಬಹಳ ಹತ್ತಿರದಿಂದ ನೋಡತೊಡಗಿದರು.

"ಹೇಗೋ ನಡೀತಿರತ್ತೆ," ಎಂದು ನಾನು ಹೋದ ವರ್ಷದ್ದಕ್ಕೆ ಪೆನ್‌ಡ್ರೈವ್ ಚುಚ್ಚಿದೆ. ನಾಯಕಿ ಬಾಯಿ ತೆರೆದಳು. ದನಿ ಅದೇ ಕ್ಷಣ ಬಂತು. ನನಗೆ ಬೇಕಿದ್ದದ್ದು ಅಷ್ಟೇ.

"ಸಾರ್, ನೀವೇನಂತೀರಾ?" ಅಂಗಡಿಯವರು ಕೇಳಿದರು.

ಗಂಡನ ಗಂಟಲಿನಲ್ಲಿ ಆ ಹಳೆಯ ಸಾಲು ಏರಿ ಬಂದದ್ದು ನನಗೆ ಕಾಣಿಸಿತು. ನುಂಗಿಕೊಂಡರು. "ಅವಳಿಗೆ ಇವತ್ತೇ ಬೇಕು," ಎಂದರು.

ಶುಕ್ರವಾರ ಮಧ್ಯಾಹ್ನ ಕಂತನ್ನು ಕಳಿಸಿದೆ, ಒಂದೊಂದು ಮಾತನ್ನೂ ಅದರ ಬಾಯಿಗೆ ಮರಳಿಸಿ. ಸಂಜೆ ಮೇಲ್ವಿಚಾರಕಿಯ ಸಂದೇಶ ಬಂತು: ಈಗ ಸರಿಯಾಗಿದೆ, ಉಳಿದ ಕಂತುಗಳನ್ನು ಸೋಮವಾರ ಕಳಿಸುತ್ತೇನೆ. ವರ್ಷದ ಕೆಲಸ ಕೈಗೆ ಬಂದಿತ್ತು. ಕುಣಿಯಬೇಕಿತ್ತೇನೋ. ಕಣ್ಣು ಉರಿಯುತ್ತಿತ್ತು, ಭುಜ ಬಿದ್ದುಹೋಗುತ್ತಿತ್ತು. ನಾನು ಲ್ಯಾಪ್‌ಟಾಪಿನ ಮುಚ್ಚಳ ಹಿಡಿದು ಮುಚ್ಚಿದೆ.

ಟಪ್ ಎಂಬ ಸದ್ದಿಗೆ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. "ಇದೂ ಹೋಯ್ತಾ?"

"ಇಲ್ಲ ಅತ್ತೆ. ಕೆಲ್ಸ ಮುಗೀತು."

"ಎಲ್ಲಿ, ತೆರೆಯತ್ತಾ ನೋಡು," ಎಂದರು ಗಂಡ, ನಿಂತಲ್ಲಿಂದಲೇ.

"ಸೋಮವಾರ ನೋಡ್ತೀನಿ ರೀ. ಅಲ್ಲೀವರೆಗೆ ಅದು ಕಾಯ್ಲಿ."