ಮೇಲೆ ಬಿದ್ದ ಲಂಗರು

ದೇವಮಾತೆಯ ಹಬ್ಬದ ಮರುದಿನ, ಆಗಸ್ಟಿನ ಬಡಗಣ ಗಾಳಿ ಇನ್ನೂ ಜೋರಾಗಿಯೇ ಬೀಸುತ್ತಿದ್ದ ಇಳಿಹೊತ್ತಿನಲ್ಲಿ ನೊಮಿಕೊಸನ ಹಾಯಿದೋಣಿ ಎರ್ಮೂಪೊಲಿಯ ಬಂದರಿನೊಳಕ್ಕೆ ತಿರುಗಿತು. ಪಿರಯಸ್ಸಿನಿಂದ ಬಂದ ದೊಡ್ಡ ಹಡಗು ಜನರನ್ನು ಇಳಿಸಿ, ಹೊರಡುವ ಕೂಗು ಹಾಕುತ್ತಿತ್ತು. ಕಟ್ಟೆಯುದ್ದಕ್ಕೂ ದೋಣಿಗಳು ಒಂದರ ಪಕ್ಕೆಗೊಂದು ತಾಗಿ ನಿಂತಿದ್ದವು. ಖಾಲಿ ಇದ್ದದ್ದು ಒಂದೇ ಸಂದು, ಅದೂ ಸಿದೆರಿಸನ ಮರದ ದೋಣಿಯ ಪಕ್ಕದಲ್ಲಿ.

ನೊಮಿಕೊಸ್ ಅದನ್ನು ದೂರದಿಂದಲೇ ಕಂಡ. ಅಮೊರ್ಗೊಸ್ ದ್ವೀಪದಿಂದ ಗಾಳಿಗೆದುರಾಗಿ ಬಡಿದಾಡಿಕೊಂಡು ಬಂದದ್ದು ಸಿದೆರಿಸನನ್ನು ಕಾಣಲೆಂದೇ. ಆದರೆ ಹೀಗೆ ಎಲ್ಲರ ಕಣ್ಣೆದುರಿಗೆ, ಅವನ ಮಗ್ಗುಲಿಗೇ ಹೋಗಿ ನಿಲ್ಲಬೇಕಾದೀತೆಂದು ಎಣಿಸಿರಲಿಲ್ಲ. ಅವನ ಕೈ ತಪ್ಪಿತೋ, ಗಾಳಿಯೇ ತಳ್ಳಿತೋ, ಬಂದರಿನ ನಡುವೆ ಬಿಟ್ಟ ಲಂಗರು ಕೊಂಚ ಓರೆಯಾಗಿ ಬಿತ್ತು; ದೋಣಿ ಹಿಮ್ಮುಖವಾಗಿ ಕಟ್ಟೆಯತ್ತ ಸರಿಯಿತು.

ದೋಣಿಯ ಹಿಂಬದಿಯಲ್ಲಿ ಅವನ ಮಗಳು ಅರ್ಗಿರೊ ಹಗ್ಗದ ಸುರುಳಿ ಹಿಡಿದು ನಿಂತಿದ್ದಳು. ಕಟ್ಟೆಯ ಮೇಲೆ ಬಲೆ ಹೊಲಿಯುತ್ತ ಕೂತಿದ್ದ ಸಿದೆರಿಸ್ ಯಾರೆಂದು ನೋಡದೆಯೇ ಎದ್ದು ಕೈ ಚಾಚಿದ. ನಮ್ಮ ಬಂದರಿನಲ್ಲಿ ಯಾರ ದೋಣಿಯೇ ಬರಲಿ, ಎಸೆದ ಹಗ್ಗವನ್ನು ಹತ್ತಿರವಿದ್ದವನು ಹಿಡಿಯಬೇಕು. ಕೋರ್ಟಿನಲ್ಲಿ ಎದುರಾಳಿಯಾಗಿ ನಿಂತವನದಾದರೂ ಸರಿ. ಹಗ್ಗ ಹಾರಿಬಂತು. ಅಷ್ಟರಲ್ಲಿ ಅವನಿಗೆ ಚುಕ್ಕಾಣಿ ಹಿಡಿದವನ ಮುಖ ಕಂಡಿತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಹಗ್ಗ ಕಟ್ಟೆಯ ಅಂಚಿಗೆ ಬಡಿದು ನೀರಿಗೆ ಬಿತ್ತು.

ಕಾಫಿ ಅಂಗಡಿಯಲ್ಲಿ ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟು ಇತ್ತ ತಿರುಗಿದರು. ಅಂಗಡಿಯ ಪಂಡೆಲಿಸ್ ಏಪ್ರನ್ನಿನಲ್ಲೇ ಓಡಿಬಂದು, ಎರಡನೆಯ ಸಲ ಎಸೆದ ಹಗ್ಗವನ್ನು ಹಿಡಿದು ಕಟ್ಟಿದ.

"ಏನೋ ಸಿದೆರಿ, ಕೈಗೆ ಲಕ್ವ ಹೊಡೀತೇನೋ?"

"ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ ಹಿಡಿಯೋಕೆ ಹಗ್ಗ ಬೇರೆ ಕೇಡು" ಎಂದು ಸಿದೆರಿಸ್ ಬಲೆ ಸುತ್ತಿಕೊಂಡು ಮನೆಗೆ ಹೋದ.

ನೊಮಿಕೊಸ್, ಸಿದೆರಿಸ್ ಇಬ್ಬರೂ ಸೈನ್ಯದ ಕಾಲದಿಂದ ಜೊತೆಗಾರರು. ಒಬ್ಬ ಮೀನು ಹಿಡಿಯುವವನು, ಇನ್ನೊಬ್ಬ ದೋಣಿ ಕಟ್ಟುತ್ತ, ಬಿಡುವಿನಲ್ಲಿ ಮೀನಿಗೂ ಹೋಗುವವನು. ಅರ್ಗಿರೊ ಹುಟ್ಟಿದ ವರ್ಷವೇ ಸಿದೆರಿಸ್ ನೊಮಿಕೊಸನಿಗೆ ಒಂದು ದೋಣಿ ಕಟ್ಟಿಕೊಟ್ಟ. ಮಗುವಿಗೆ ಜ್ಞಾನಸ್ನಾನ ಮಾಡಿಸಿ ಜ್ಞಾನತಂದೆಯಾದವನೂ ಅವನೇ. ಮಗುವಿಗೂ ದೋಣಿಗೂ ಒಂದೇ ಹೆಸರು. ಮುಂದೆ ಸಮುದ್ರದಲ್ಲಿ ಮೀನು ಕಡಿಮೆಯಾಯಿತೆಂದು, ಪರವಾನಗಿ ಹಿಂದಿರುಗಿಸಿದವರಿಗೆ ಸರ್ಕಾರ ಪರಿಹಾರ ಕೊಡುವ ಕಾಲ ಬಂತು. ಪರವಾನಗಿಯ ಜೊತೆಗೆ ದೋಣಿಯನ್ನೂ ಒಪ್ಪಿಸಬೇಕಿತ್ತು, ಅದನ್ನು ಯಂತ್ರ ತಂದು ಒಡೆಯುತ್ತಿದ್ದರು. ನೊಮಿಕೊಸ್ ಒಪ್ಪಿಸಿದ. ಈಗ ಬಿಳಿ ಪ್ಲಾಸ್ಟಿಕ್ಕಿನ ಹಾಯಿದೋಣಿಯಲ್ಲಿ ಪ್ರವಾಸಿಗಳನ್ನು ಸುತ್ತಾಡಿಸುತ್ತಾನೆ. ಸುದ್ದಿ ತಿಳಿದ ದಿನದಿಂದ ಸಿದೆರಿಸ್ ಅವನ ಹೆಸರೆತ್ತಿರಲಿಲ್ಲ.

ಆ ಸಂಜೆ ನೊಮಿಕೊಸ್ ಇಸ್ತ್ರಿ ಅಂಗಿ ತೊಟ್ಟು, ಮಿಠಾಯಿ ಪೊಟ್ಟಣ ಹಿಡಿದು ಅವನ ಬಾಗಿಲಿಗೆ ಹೋದ. ಹಾಗೆ ಹೋಗಲೇಬೇಕು. ಜ್ಞಾನಸ್ನಾನ ಮಾಡಿಸಿದವನೇ ಮದುವೆಯಲ್ಲಿ ವಧೂವರರ ತಲೆಗೆ ಕಿರೀಟ ಇಡಬೇಕು. ಅವನು ಬಾಯಿಬಿಟ್ಟು ಬೇಡವೆನ್ನದೆ ಇನ್ನೊಬ್ಬರನ್ನು ಕರೆದರೆ ಹೆಣ್ಣಿಗೆ ಒಳ್ಳೆಯದಲ್ಲ.

"ಮುಂದಿನ ತಿಂಗಳು ಹುಡುಗೀದು ಮದುವೆ ಕಣೋ" ಎಂದ ನೊಮಿಕೊಸ್, ಹೊಸ್ತಿಲಾಚೆಯೇ ನಿಂತು. "ಕಿರೀಟ ನೀನೇ ಇಡಬೇಕು."

ಸಿದೆರಿಸ್ ಹೆಂಡತಿಯ ಕಡೆ ತಿರುಗಿದ. "ಮರುಸ್ಸೋ, ಯಾರೋ ಬಾಗಿಲು ತಪ್ಪಿ ಬಂದಿದಾರೆ. ದಾರಿ ತೋರ್ಸು."

"ಬರಲ್ಲ ಅಂತಾದ್ರೂ ಹೇಳಿಬಿಡೋ. ಬೇರೆಯವರನ್ನ ಕೇಳ್ತೀನಿ."

ಸಿದೆರಿಸ್ ಅದಕ್ಕೂ ಬಾಯಿ ತೆರೆಯಲಿಲ್ಲ. ಮರುಸ್ಸೊ ಪೊಟ್ಟಣ ತೆಗೆದುಕೊಳ್ಳಲೋ ಬೇಡವೋ ಎಂದು ಕೈ ಒರೆಸಿಕೊಳ್ಳುತ್ತ ನಿಂತಳು. ನೊಮಿಕೊಸ್ ಪೊಟ್ಟಣ ಹಿಡಿದುಕೊಂಡೇ ಬಂದರಿಗೆ ಮರಳಿದ.

ಮರುದಿನ ಬೆಳಗ್ಗೆ ಸಿದೆರಿಸ್ ಮೀನಿಗೆ ಹೊರಟ. ದೋಣಿ ಲಂಗರು ಬಿಟ್ಟಿದ್ದ ಬಂದರಿನ ನಡುವಿಗೆ ಹೋಯಿತು, ಎಳೆದರೆ ಲಂಗರು ನೀರಿನಿಂದ ಮೇಲೇಳುವ ಮೊದಲೇ ಬಿಗಿದು ನಿಂತಿತು. ಬಗ್ಗಿ ನೋಡಿದ. ಅವನ ಲಂಗರಿನ ಮೇಲೆ ನೊಮಿಕೊಸನ ಸರಪಳಿ ಅಡ್ಡ ಬಿದ್ದಿತ್ತು. ಹಬ್ಬದ ದಿನಗಳಲ್ಲಿ ಇದು ಯಾರಿಗಾದರೂ ಆಗುವಂಥದೇ. ಮೇಲಿನವನನ್ನು ಕೂಗಿ ಕರೆಯುವುದು, ಅವನು ತನ್ನದನ್ನು ಎತ್ತಿಕೊಳ್ಳುವುದು, ಒಂದೆರಡು ಬೈಗುಳ, ಮುಗಿಯಿತು.

ಸಿದೆರಿಸ್ ಕೂಗಲಿಲ್ಲ. ಎಂಜಿನ್ ಟುಕುಟುಕು ಎನ್ನುತ್ತಿತ್ತು, ಅವನು ಸುಮ್ಮನೆ ನಿಂತ. ದಾರಿಗೆ ಅಡ್ಡವಾದನೆಂದು ಬೆಳಗಿನ ದೊಡ್ಡ ಹಡಗು ಎರಡು ಸಲ ಕೊಂಬು ಊದಿತು.

"ಲಂಗರು ಎತ್ರೋ ಅಂದ್ರೆ ನಿನ್ನ ನಾಲಿಗೆ ಬಿದ್ದುಹೋಗುತ್ತೇನೋ?" ಪಂಡೆಲಿಸ್ ಕಟ್ಟೆಯಿಂದ ಕೂಗಿದ. "ಊಟಾನೂ ಅಲ್ಲಿಗೇ ಕಳಿಸ್ಲಾ?"

ನೊಮಿಕೊಸ್ ಸರಪಳಿಯ ರಾಟೆಗೆ ಕೈಹಾಕಿದ. ಮಗಳು ಅವನ ತೋಳು ಹಿಡಿದಳು. "ಬಿಡಪ್ಪ. ನಾನು ಹೋಗಿ ಬಿಡಿಸ್ತೀನಿ." ಚಿಕ್ಕ ರಬ್ಬರ್ ದೋಣಿಗೆ ಹುಟ್ಟು ಹಾಕುತ್ತ ಹೋಗಿ, ಕೇಳದೆಯೇ ಸಿದೆರಿಸನ ದೋಣಿ ಹತ್ತಿದಳು.

ಅವನು ಅವಳತ್ತ ನೋಡಲಿಲ್ಲ. "ಆ ಹಗ್ಗ ತಗೊಂಡು ಸರಪಳಿ ಕೆಳಗೆ ತೂರ್ಸು. ಬೆರಳು ಹುಷಾರು."

ಅವಳು ಬೋರಲಾಗಿ ಮಲಗಿ ಹಗ್ಗ ತೂರಿಸಿ ಮೇಲಕ್ಕೆಳೆದು ಗೂಟಕ್ಕೆ ಕಟ್ಟಿದಳು. ಆಮೇಲೆ ದೋಣಿಯ ಅಂಚನ್ನು ಅಂಗೈಯಿಂದ ಸವರಿದಳು.

"ಇದನ್ನೂ ನೀವೇ ಕಟ್ಟಿದ್ದಾ ನೊನೊ?" ಜ್ಞಾನತಂದೆಯನ್ನು ಮಕ್ಕಳು ಕರೆಯುವುದೇ ಹಾಗೆ.

"ಇನ್ನೇನು ನಿಮ್ಮಪ್ಪ ಕಟ್ಟಿದ್ನಾ? ಅವನಿಗೆ ಒಡೆಸೋದಷ್ಟೇ ಗೊತ್ತು."

ಅವಳು ಅಂಚಿನಿಂದ ಕೈ ತೆಗೆದಳು. "ಒಡೆದ ದಿನ ಅಪ್ಪ ಬರಲಿಲ್ಲ. ಕಿಟಕಿ ಮುಚ್ಕೊಂಡು ಮಲಗಿದ್ದ. ನಾನು ಹೋಗಿದ್ದೆ."

"ನೀನ್ಯಾಕೆ ಹೋದೆ? ಮಗು ನೀನಾಗ."

"ಅದರ ಮೇಲೆ ನನ್ನ ಹೆಸರಿತ್ತಲ್ಲ. ನಮ್ಮೋರು ಯಾರಾದ್ರೂ ಒಬ್ಬರು ಇರಬೇಕು ಅನ್ನಿಸ್ತು." ಅವಳು ನೀರಿನೊಳಗಿನ ಸರಪಳಿಯನ್ನೇ ನೋಡುತ್ತಿದ್ದಳು. "ಬೇಗ ಒಡೀಲಿಲ್ಲ ನೊನೊ. ಯಂತ್ರ ಹಿಂದಕ್ಕೆ ಹೋಗಿ ಹೋಗಿ ಬಂದು ಗುದ್ದಿತು. ಹಲಗೆ ಸೀಳೋದು, ಪಕ್ಕೆಲುಬು ಮಾತ್ರ ಬಿಡ್ತಿರಲಿಲ್ಲ. ಕೊನೆಗೆ ಯಂತ್ರದವನು ಇಳಿದು ಬಂದು ಸಿಗರೇಟು ಹಚ್ಕೊಂಡ. ಯಾವ ಪುಣ್ಯಾತ್ಮ ಕಟ್ಟಿದ್ದಮ್ಮ ಇದನ್ನ, ಅಂತ ಕೇಳ್ದ."

ಲಂಗರಿನ ಹಗ್ಗ ಹಿಡಿದಿದ್ದ ಸಿದೆರಿಸನ ಕೈ ನಿಂತಿತು. "ನೀನೇನಂದೆ?"

"ನನಗೆ ಜ್ಞಾನಸ್ನಾನ ಮಾಡಿಸಿದವರು, ಅಂದೆ."

ಅವನು ತನ್ನ ಲಂಗರನ್ನು ಮೆಲ್ಲಗೆ ಕೆಳಕ್ಕೆ ಬಿಟ್ಟ. ಅದು ಸರಪಳಿಯಿಂದ ಜಾರಿ ಬೇರೆಯಾಯಿತು. ಎಳೆದು ಒಳಗಿಟ್ಟುಕೊಂಡ. "ಈಗ ನಿಮ್ದು ಬಿಡು" ಎಂದ. ಅವಳು ಗಂಟು ಬಿಚ್ಚಿದಳು, ಸರಪಳಿ ಗರಗರನೆ ತಳಕ್ಕಿಳಿಯಿತು. ದೋಣಿಗೆ ಇನ್ನು ಯಾವ ತೊಡಕೂ ಇರಲಿಲ್ಲ. ಆದರೂ ಸಿದೆರಿಸ್ ಹೊರಡಲಿಲ್ಲ. ಗಾಳಿ ದೋಣಿಯನ್ನು ಕೊಂಚ ಕೊಂಚವೇ ಪಕ್ಕಕ್ಕೆ ಸರಿಸುತ್ತಿತ್ತು.

"ಯಾವ ಭಾನುವಾರ?"

"ಸೆಪ್ಟೆಂಬರಿನ ಎರಡನೇದು."

"ಕಿರೀಟ ಕೊಳ್ಳೋದು ನನ್ನ ಕೆಲಸ. ನೀವು ಗಡಿಬಿಡಿಯಲ್ಲಿ ಯಾವುದೋ ಹಾಳುಮೂಳು ತಂದಿಟ್ಟೀರಿ."

"ಇಲ್ಲ ನೊನೊ."

"ಮತ್ತೆ ನಿಮ್ಮಪ್ಪನ ಹತ್ರ ಮಾತಾಡಿ ಅಂತ ಯಾರೂ ನನಗೆ ಹೇಳಕೂಡದು."

"ಯಾರೂ ಹೇಳಲ್ಲ."

ಅವಳು ರಬ್ಬರ್ ದೋಣಿಯಲ್ಲಿ ಹಿಂದಿರುಗಿದಾಗ ನೊಮಿಕೊಸ್ "ಏನಂದ?" ಎಂದ. "ಬರ್ತಾರೆ" ಎಂದಳು. ಅವನು ಬೆನ್ನು ತಿರುಗಿಸಿ, ನೆಟ್ಟಗೇ ಇದ್ದ ಒಂದು ಹಾಯಿಹಗ್ಗವನ್ನು ಬಿಚ್ಚಿ, ಬಹಳ ಹೊತ್ತು ಮತ್ತೆ ಕಟ್ಟುತ್ತಿದ್ದ. ಮಧ್ಯಾಹ್ನ ಗಾಳಿ ಬೆನ್ನಿಗೆ ಬಂದಾಗ ಅಪ್ಪ ಮಗಳು ಅಮೊರ್ಗೊಸಿನ ಕಡೆ ಹಾಯಿ ಬಿಚ್ಚಿದರು.

ಸೆಪ್ಟೆಂಬರಿನ ಎರಡನೆಯ ವಾರ ಕಿರೀಟಗಳು ಬಂದವು. ಬಿಳಿಯವು, ಮೇಣದ ಹೂವಿನವು. ಶುಕ್ರವಾರ ಸಂಜೆ ಸಿದೆರಿಸ್ ಮನೆಯ ಮೆಟ್ಟಿಲ ಮೇಲೆ ಕೂತು ನಿಂಬೆಹಣ್ಣು ಕತ್ತರಿಸಿ ಉಗುರ ಸಂದಿಗೆ ಮೆತ್ತಿದ ದೋಣಿಯ ಡಾಂಬರನ್ನು ಉಜ್ಜತೊಡಗಿದ. ಒಂದು ಹಣ್ಣು ಮುಗಿದರೆ ಇನ್ನೊಂದು ತರಿಸಿದ.

"ಚರ್ಮ ಕಿತ್ತುಬರುತ್ತೆ, ಸಾಕು ಮಾಡಿ" ಎಂದಳು ಮರುಸ್ಸೊ. "ಅಲ್ಲಿ ನಿಮ್ಮ ಕೈ ಯಾರು ನೋಡ್ತಾರೆ?"

"ನಿಂಬೆ ತಗೊಂಡು ಬಾರೇ" ಎಂದ ಅವನು.

ಶನಿವಾರ ಬೆಳಗಿನ ಹಡಗಿಗೆ ಗಂಡ ಹೆಂಡತಿ ಇಬ್ಬರೂ ಅಮೊರ್ಗೊಸಿಗೆ ಹೊರಟುಹೋದರು. ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಹಿಂಡಿದ ನಿಂಬೆಹೋಳುಗಳು, ಒಳಮೈ ಕಪ್ಪಾಗಿ, ಬಿಸಿಲಿಗೆ ಸುರುಟಿಕೊಳ್ಳುತ್ತಿದ್ದವು.